ಆಕ್ಸಿಜನ್ ಸಿಲಿಂಡರಿನ ಮುಳ್ಳು ಏನು ಹೇಳುತ್ತದೆ?

ಮನೆಯಲ್ಲಿ ರೋಗಿಗಾಗಿ ಆಕ್ಸಿಜನ್ ಸಿಲಿಂಡರ್ ಇಟ್ಟುಕೊಂಡ ಎಷ್ಟೋ ಜನರ ನಂಬಿಕೆ ಇದು: ಗೇಜಿನ ಮುಳ್ಳು ಮೇಲಿದ್ದರೆ ಆಕ್ಸಿಜನ್ ಜೋರಾಗಿ ಹೋಗುತ್ತದೆ, ಇಳಿದಂತೆ ಕಡಿಮೆಯಾಗುತ್ತದೆ.

ಇದು ತಪ್ಪು. ಆ ಮುಳ್ಳು ತೋರಿಸುವುದು ಸಿಲಿಂಡರಿನೊಳಗಿನ ಒತ್ತಡವನ್ನು. ಒಳಗೆ 150 ಬಾರ್ ಇರಲಿ, 40 ಇರಲಿ, ರೆಗ್ಯುಲೇಟರ್ ಅದನ್ನು ಸುಮಾರು 4 ಬಾರ್‌ಗೆ ತಗ್ಗಿಸಿಯೇ ಹೊರಬಿಡುತ್ತದೆ. ಹಾಗಾಗಿ ಸಿಲಿಂಡರ್ ಬರಿದಾಗುವ ಹೊತ್ತಿನವರೆಗೂ ಹರಿವು ಹೆಚ್ಚುಕಡಿಮೆ ಒಂದೇ ಸಮ. ಹರಿವು ತಗ್ಗಿದಾಗ ನೋಡೋಣ ಎಂದು ಕಾಯುವವರಿಗೆ ಮುನ್ಸೂಚನೆಯೇ ಸಿಗುವುದಿಲ್ಲ.

ಉಳಿದದ್ದೆಷ್ಟು ಎಂಬ ಲೆಕ್ಕಕ್ಕೆ ಮಾತ್ರ ಮುಳ್ಳು ಬೇಕೇ ಬೇಕು. ಬಿ-ಟೈಪ್ ಸಿಲಿಂಡರಿನ ಒಳಗಾತ್ರ ಸುಮಾರು 10 ಲೀಟರ್. ಅದನ್ನು ಒತ್ತಡದಿಂದ ಗುಣಿಸಿ. 150 ಬಾರ್ ಇದ್ದಾಗ 1,500 ಲೀಟರ್. ನಿಮಿಷಕ್ಕೆ 5 ಲೀಟರಿನಂತೆ 5 ಗಂಟೆ. 50 ಬಾರ್‌ಗೆ ಇಳಿದಾಗ ಉಳಿಯುವುದು 100 ನಿಮಿಷ, ಕೊನೆಯ ಪಾಲು ಪೂರ್ತಿ ಕೈಗೆ ಬರದ್ದರಿಂದ ಇನ್ನೂ ಕಡಿಮೆ. ಅಡುಗೆ ಗ್ಯಾಸಿಗೆ ಈ ಲೆಕ್ಕ ಹೊಂದದು. ಅದು ಒಳಗೆ ದ್ರವವಾಗಿರುವುದರಿಂದ ತೂಗಿಯೇ ತಿಳಿಯಬೇಕು.

ಇನ್ನೊಂದು ನಂಬಿಕೆ: ನಳಿಕೆ ಉದ್ದವಾದರೆ ರೋಗಿಗೆ ಸಿಗುವುದು ಕಡಿಮೆ. ಬರೀ ನಳಿಕೆಯ ಮಟ್ಟಿಗೆ ಇದು ಸುಳ್ಳಲ್ಲ. ಒತ್ತಡ ಅಷ್ಟೇ ಇದ್ದು ಗ್ಯಾಸ್ ನಿಧಾನವಾಗಿ, ನಯವಾಗಿ ಹರಿಯುವಾಗ ಉದ್ದ ಇಮ್ಮಡಿಯಾದರೆ ಹರಿವು ಅರ್ಧ. ಒಳಅಗಲ ಅರ್ಧವಾದರಂತೂ ಹದಿನಾರನೇ ಒಂದು ಪಾಲು! ಆದರೆ ಇಲ್ಲಿ ಹರಿವನ್ನು ನಿರ್ಧರಿಸುವುದು ಫ್ಲೋ ಮೀಟರಿನ ಕಿರಿದಾದ ಕಿಂಡಿ. ಅದರ ಹಿಂದಿನ ಒಟ್ಟು ಒತ್ತಡ ಮುಂದಿನದಕ್ಕಿಂತ ಸುಮಾರು 1.9 ಪಟ್ಟು ಮೀರಿದರೆ ಗ್ಯಾಸ್ ಅಲ್ಲಿ ಶಬ್ದದ ವೇಗವನ್ನು ಮುಟ್ಟುತ್ತದೆ, ಆಮೇಲೆ ಮುಂದಿನ ಒತ್ತಡ ತುಸು ಏರಿದರೂ ಹರಿವು ಬದಲಾಗದು. ಹೊರಗಾಳಿಯನ್ನೂ ಸೇರಿಸಿದರೆ ಇಲ್ಲಿ ಹಿಂದೆ 5 ಬಾರ್, ಮುಂದೆ 1. ಆ ಸ್ಥಿತಿಯಲ್ಲಿ ಕೆಲವು ಮೀಟರ್ ನಳಿಕೆಯ ತಡೆ ಹರಿವನ್ನು ಅಷ್ಟಾಗಿ ಕುಗ್ಗಿಸಲಾರದು.

ನಿಜವಾದ ಅಪಾಯ ಮಡಿಕೆ ಮತ್ತು ಸೋರಿಕೆ. ಗಾಜಿನ ಕೊಳವೆಯೊಳಗೆ ಗುಂಡು ತೇಲುವ ಮೀಟರಿನಲ್ಲಿ, ನಳಿಕೆ ಪೂರ್ತಿ ಮುಚ್ಚಿಹೋದರೆ ಗುಂಡು ಕೆಳಗೆ ಬೀಳುತ್ತದೆ. ಈ ಮೀಟರನ್ನು ನೆಟ್ಟಗೆ ನಿಲ್ಲಿಸಿ, ಗುಂಡಿನ ನಡುಭಾಗದ ಗೆರೆಯನ್ನು ಓದಬೇಕು. ಆದರೆ ಮುಳ್ಳಿನ ಫ್ಲೋ ಮೀಟರ್ ಅಳೆಯುವುದು ಕಿಂಡಿಯ ಹಿಂದಿನ ಒತ್ತಡವನ್ನು. ಹನಿ ಆಕ್ಸಿಜನ್ ಹೋಗದಿದ್ದರೂ ಅದು 5 ಲೀಟರ್ ಎಂದೇ ತೋರಿಸಬಲ್ಲದು. ಮೀಟರಿನಿಂದ ಮುಂದೆ ಸೋರಿದರೆ ಎರಡಕ್ಕೂ ಗೊತ್ತಾಗದು.

ಆದ್ದರಿಂದ ಸಂಶಯ ಬಂದಾಗ ಮೀಟರನ್ನಷ್ಟೇ ನಂಬಬೇಡಿ. ನಳಿಕೆಯ ತುದಿಯನ್ನು ಒಂದು ಲೋಟ ಶುದ್ಧ ನೀರಿನಲ್ಲಿ ಅದ್ದಿ, ಗುಳ್ಳೆ ಏಳುತ್ತದೆಯೇ ನೋಡಿ, ಒರೆಸಿ ಮತ್ತೆ ಹಾಕಿ. ಡಾಕ್ಟರು ಹೇಳಿದ ಹರಿವನ್ನು ಮಾತ್ರ ನೀವಾಗಿ ಹೆಚ್ಚು ಕಡಿಮೆ ಮಾಡಬೇಡಿ.