ಪೇಟಿಯ ಮನೆ, ಪಿಯಾನೋದ ಮನೆ

ಆದವಾನಿ ಕಡೆಯ ನಮ್ಮ ಪೆದ್ದಕಡುಬೂರಿಗೆ ಮಂತ್ರಾಲಯ ಹತ್ತಿರ. ಗುರುವಾರ ರಾಘವೇಂದ್ರ ರಾಯರ ಭಜನೆಗೆ ಕೂತರೆ ಪೇಟಿ, ಅಂದರೆ ಹಾರ್ಮೋನಿಯಂ, ಬೇಕೇ ಬೇಕು. ಎಡಗೈ ತಿದಿ ಒತ್ತುತ್ತದೆ, ಬಲಗೈ ಕಪ್ಪು-ಬಿಳಿ ಮನೆಗಳ ಮೇಲೆ ಓಡುತ್ತದೆ. ಹಾಡುವವರು ಸ್ವರದಿಂದ ಸ್ವರಕ್ಕೆ ಜಾರಿದಾಗ ಮಾತ್ರ ಪೇಟಿಯವರು ಷಡ್ಜವೊಂದನ್ನೇ ಹಿಡಿದು ಕಾಯುತ್ತಾರೆ. ಎರಡು ಮನೆಗಳ ನಡುವೆ ಹೋಗಲು ಆ ವಾದ್ಯಕ್ಕೆ ದಾರಿಯಿಲ್ಲ. ಇದನ್ನು ನೋಡಿದವರಿಗೆ ಜಾಝ್ ಪಿಯಾನೋ ವಾದಕ ಲೂಯಿಸ್ ಬ್ಯಾಂಕ್ಸ್ ಎದುರಿಸಿದ ಸವಾಲು ಬೇಗ ತಿಳಿಯುತ್ತದೆ.

ಅವರು 1941ರಲ್ಲಿ ಡಾರ್ಜಿಲಿಂಗ್‌ನ ನೇಪಾಳಿ ಮನೆತನದಲ್ಲಿ ಹುಟ್ಟಿದರು. ಮೊದಲ ಹೆಸರು ಡಂಬರ್ ಬಹದ್ದೂರ್. ಟ್ರಂಪೆಟ್ ವಾದಕರಾಗಿದ್ದ ತಂದೆ, ಜಾಝ್ ಕಲಾವಿದ ಲೂಯಿಸ್ ಆರ್ಮ್‌ಸ್ಟ್ರಾಂಗ್ ಮೇಲಿನ ಅಭಿಮಾನದಿಂದ ಮಗನ ಹೆಸರನ್ನೇ ಬದಲಿಸಿದರು. ಮುಂದೆ ಅವರು ನುಡಿಸಿದ್ದು ಕಠ್ಮಂಡುವಿನಲ್ಲಿ, ಕಲ್ಕತ್ತೆಯ ಪಾರ್ಕ್ ಸ್ಟ್ರೀಟ್‌ನಲ್ಲಿ, ಸಿನಿಮಾ ಸಂಗೀತ ನಿರ್ದೇಶಕ ಆರ್.ಡಿ. ಬರ್ಮನ್ ಕರೆದ ಮೇಲೆ ಮುಂಬೈಯಲ್ಲಿ.

ನನಗೆ ಬಹಳ ಹಿಡಿಸಿದ್ದು ಬೆಂಗಳೂರಿನವರ ಜೊತೆ ಅವರು ಮಾಡಿದ ಕೆಲಸ. ಮೃದಂಗ ವಾದಕ ಟಿ.ಎ.ಎಸ್. ಮಣಿಯವರು 1964ರಲ್ಲಿ ಬೆಂಗಳೂರಿನಲ್ಲಿ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಕಟ್ಟಿದರು. ಅಲ್ಲಿನ ಕರ್ನಾಟಕ ಸಂಗೀತ ಗಾಯಕಿ ಆರ್.ಎ. ರಮಾಮಣಿಯವರ ಕಂಠ, ಬ್ಯಾಂಕ್ಸ್ ಅವರ ಪಿಯಾನೋ 1980ರ ದಶಕದಲ್ಲಿ ಒಂದೇ ವೇದಿಕೆ ಏರಿದವು. ಅದು ಸುಲಭದ ಜೊತೆಯಲ್ಲ. ಗಮಕದಲ್ಲಿ ಸ್ವರ ತೂಗುತ್ತದೆ; ಪಿಯಾನೋದಲ್ಲಿ ಸುತ್ತಿಗೆ ತಂತಿಗೆ ಬಡಿದ ಕ್ಷಣವೇ ಸ್ವರ ಗಟ್ಟಿ. ಜಾಝ್‌ನವರ ರೂಢಿಯಂತೆ ನಾಲ್ಕೈದು ಸ್ವರ ಒಟ್ಟಿಗೆ ಒತ್ತಿದರಂತೂ ರಾಗಕ್ಕೆ ಸೇರದ ಸ್ವರ ಒಳಗೆ ನುಸುಳಬಹುದು. ಹಾಗಾಗಿ ಇಂಥ ಕಡೆ ಪಿಯಾನೋದವರು ರಾಗದ ಸ್ವರಗಳನ್ನೇ ಆಯ್ದು ಜೋಡಿಸಬೇಕು, ಕಂಠಕ್ಕೆ ಜಾಗ ಬಿಡಬೇಕು. ಏನು ನುಡಿಸಬಾರದು ಎಂಬುದನ್ನು ಅರಿತಿರುವುದೇ ದೊಡ್ಡ ವಿದ್ಯೆ ಎಂದು ನಾನು ನಂಬಿದ್ದೇನೆ. ಲಯದಲ್ಲಿ ಮಾತ್ರ ಇಬ್ಬರಿಗೂ ಸಂಕೋಚವಿಲ್ಲ. ತಾಳದ ಸೊಲ್ಲು ನುಡಿಯುವ ಕೊನ್ನಕೋಲಿನ ಐದು, ಏಳರ ಲೆಕ್ಕ ಬಾಯಲ್ಲಿ ಉರುಳಿದರೆ ಪಿಯಾನೋದ ಬೆರಳೂ ಅದೇ ಲೆಕ್ಕಕ್ಕೆ ಬೀಳಬಹುದು. ಅಲ್ಲಿಂದ ಮುಂದೆ ಆ ಕ್ಷಣಕ್ಕೆ ಹೊಳೆದದ್ದನ್ನು ಹೊಮ್ಮಿಸುವುದು ಒಬ್ಬರಿಗೆ ಮನೋಧರ್ಮ, ಇನ್ನೊಬ್ಬರಿಗೆ ಜಾಝ್.

ಬ್ಯಾಂಕ್ಸ್ ಹೆಸರು ಗೊತ್ತಿಲ್ಲದವರೂ ಅವರ ಕೈಚಳಕ ಕೇಳಿದ್ದಾರೆ. 1988ರಲ್ಲಿ ದೂರದರ್ಶನದಲ್ಲಿ ಬಂದ ಭಾವೈಕ್ಯದ ಹಾಡು ‘ಮಿಲೇ ಸುರ್ ಮೇರಾ ತುಮ್ಹಾರಾ’ದ ವಾದ್ಯ ಸಂಯೋಜನೆಯಲ್ಲಿ ಅವರಿದ್ದಾರೆ. ಆ ಹಾಡಿನ ಶುರುವಿಗೆ ಗದಗಿನ ಗಾಯಕ ಭೀಮಸೇನ ಜೋಶಿ. ಮುಂದೆ ಗೋದಾವರಿ ಸೀಮೆಯ ಬಾಲಮುರಳಿಕೃಷ್ಣ. 1953ರ ತನಕ ಬಳ್ಳಾರಿ ಜಿಲ್ಲೆಗೆ ಸೇರಿದ್ದು ಆಮೇಲೆ ಆಂಧ್ರಕ್ಕೆ ಹೋದ ನಮ್ಮ ಆದವಾನಿ ಕಡೆಯವರಿಗೆ ಈ ಇಬ್ಬರೂ ಮನೆಯವರೇ.