ಕಬ್ಬಿಣಕ್ಕೆ ಸಕ್ಕರೆಯ ಅಂಗಿ: ಕಂದು ಡ್ರಿಪ್ಪಿಗೆ ಬಸುರಿಯರು ಹೆದರಬೇಕೆ?

ನಿಡಘಟ್ಟ: ಬೆಂಗಳೂರು–ಮೈಸೂರು ದಶಪಥದ ಕಾಮಗಾರಿಯನ್ನು ಎರಡು ಭಾಗ ಮಾಡಿದಾಗ ಗಡಿಕಲ್ಲಾಗಿ ನಿಂತದ್ದು ಮದ್ದೂರು ತಾಲ್ಲೂಕಿನ ಈ ಊರು. 2023ರಲ್ಲಿ ರಸ್ತೆಯ ಉದ್ಘಾಟನೆಯೂ ಆಯಿತು. ಸರಿ, ರಸ್ತೆ ಬಂತು. ಆದರೆ ಹೆರಿಗೆಗೆ ಹೊರಟ ತಾಯಿಯ ಮೈಯಲ್ಲಿ ರಕ್ತವೇ ಕಮ್ಮಿಯಿದ್ದರೆ ರಸ್ತೆ ತಾನೆ ಏನು ಮಾಡೀತು?

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ಗರ್ಭಿಣಿಯರಲ್ಲಿ ನೂರಕ್ಕೆ ಸುಮಾರು 45 ಮಂದಿಗೆ ರಕ್ತಹೀನತೆ. ಹಿಮೋಗ್ಲೋಬಿನ್ 11 ಗ್ರಾಂಗಿಂತ ಇಳಿದರೆ ರಕ್ತಹೀನತೆ, 7ಕ್ಕಿಂತ ಇಳಿದರೆ ಗಂಡಾಂತರ. ಹೆರಿಗೆಯಲ್ಲಿ ರಕ್ತ ಹೋದರೆ ಅಂಥ ಜೀವ ತಡೆಯುವುದು ಕಷ್ಟ.

ಮೊದಲ ಮದ್ದು ಸರ್ಕಾರ ಪುಕ್ಕಟೆ ಕೊಡುವ ಕಬ್ಬಿಣದ ಮಾತ್ರೆ. ನಾಲ್ಕನೇ ತಿಂಗಳಿಂದ ದಿನಕ್ಕೊಂದರಂತೆ 180 ದಿನ. ಕೆಲವರಿಗೆ ಹೊಟ್ಟೆ ತೊಳಸುತ್ತದೆ, ಮಲ ಕಪ್ಪಾಗುತ್ತದೆ. ಸಾಲದ್ದಕ್ಕೆ, "ಆ ಮಾತ್ರೆ ನುಂಗಿದ್ರೆ ಮಗ ಕರ್ರಗಾಯ್ತದೆ ಕಣವ್ವ" ಎಂಬ ಹಿತ್ತಲ ಮಾತು ಬೇರೆ. ಅದು ಶುದ್ಧ ಸುಳ್ಳು. ಮಾತ್ರೆ ಒಗ್ಗದಿದ್ದಾಗ, ಒಗ್ಗಿದರೂ ರಕ್ತ ಏರದಿದ್ದಾಗ, ದಿನ ತುಂಬುತ್ತ ಬಂದಾಗ ವೈದ್ಯರು ಬರೆಯುವುದು ಐರನ್ ಸುಕ್ರೋಸ್ ಡ್ರಿಪ್. ಡಿಕಾಕ್ಷನ್ ಬಣ್ಣದ ಆ ನೀರು ಕಂಡೊಡನೆ ಅತ್ತೆಗೂ ಸೊಸೆಗೂ ದಿಗಿಲು.

ಏನಿದೆ ಆ ನೀರಿನಲ್ಲಿ?

ಕಬ್ಬಿಣಕ್ಕೆ ಆಮ್ಲಜನಕ, ಜಲಜನಕ ಕೂಡಿದ, ತುಕ್ಕಿನ ಜಾತಿಯ ಕಣಗಳಿವೆ. ಗಾತ್ರ ಕೆಲವೇ ನ್ಯಾನೋಮೀಟರ್. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲೊಂದು ಪಾಲು ಒಂದು ನ್ಯಾನೋಮೀಟರ್. ಬರಿಯ ಕಬ್ಬಿಣವನ್ನು ನೇರ ರಕ್ತಕ್ಕೆ ಬಿಟ್ಟರೆ ವಿಷ. ಅದಕ್ಕೇ ಕಣದ ಸುತ್ತ ಸುಕ್ರೋಸ್ ಹೊದಿಸಿರುತ್ತಾರೆ. ಸುಕ್ರೋಸ್ ಎಂದರೆ ಮಂಡ್ಯದವರು ಕಬ್ಬು ಅರೆದು ತೆಗೆಯುವ ಅದೇ ಸಕ್ಕರೆ! ಈ ಅಂಗಿ ತೊಟ್ಟ ಕಣಗಳನ್ನು ಯಕೃತ್ತು, ಗುಲ್ಮ, ಮೂಳೆಮಜ್ಜೆಯ ಜೀವಕೋಶಗಳು ನುಂಗಿ, ಕಬ್ಬಿಣವನ್ನು ನಿಧಾನವಾಗಿ ಬಿಡುತ್ತವೆ. ಅದರಿಂದ ಹೊಸ ರಕ್ತ ಹುಟ್ಟುತ್ತದೆ.

ಅಪಾಯವೇ ಇಲ್ಲವೆ? ಅಪರೂಪಕ್ಕೆ ಒಗ್ಗದೆ ರಕ್ತದೊತ್ತಡ ಕುಸಿಯುವುದುಂಟು. ಆದ್ದರಿಂದ ಆಸ್ಪತ್ರೆಯಲ್ಲೇ, ವೈದ್ಯರ ಕಣ್ಣೆದುರೇ ಹಾಕಿಸಬೇಕು. ಮನೆಯಲ್ಲಿ ಚುಚ್ಚಿಸಿಕೊಳ್ಳುವ ಮದ್ದಲ್ಲ. ಮೊದಲ ಮೂರು ತಿಂಗಳಲ್ಲಿ ಇದನ್ನು ಕೊಡುವುದಿಲ್ಲ.

ಬೆಂಗಳೂರಿನ ಪ್ರಯೋಗ

ಇಂಥ ಲೋಹದ ಆಕ್ಸೈಡ್ ಕಣಗಳ ಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಂಶೋಧನೆ ನಡೆದಿದೆ. ವೆನೇಡಿಯಂ ಆಕ್ಸೈಡಿನ ನ್ಯಾನೋ ತಂತಿಗಳು ನಮ್ಮ ದೇಹದ ಕಿಣ್ವದಂತೆಯೇ ದುಡಿಯಬಲ್ಲವೆಂದು ಪ್ರೊ. ಜಿ. ಮುಗೇಶ್ ಅವರ ತಂಡ 2014ರಲ್ಲಿ ತೋರಿಸಿತು. ರಕ್ತ ಅತಿಯಾಗಿ ಹೆಪ್ಪುಗಟ್ಟುವುದನ್ನು ವೆನೇಡಿಯಂ ಆಕ್ಸೈಡ್ ಕಣಗಳು ಇಲಿಗಳಲ್ಲಿ ತಡೆದವೆಂಬ ವರದಿ 2025ರಲ್ಲಿ ಬಂತು. ಆದರೆ ಇಲಿಗೆ ಆದದ್ದು ಮನುಷ್ಯನಿಗೂ ಆದೀತೆಂದು ಹೇಳಲು ಇನ್ನೂ ಬಹಳ ಪರೀಕ್ಷೆ ಬೇಕು. ‘ನ್ಯಾನೋ’ ಎಂದು ಚೀಟಿ ಅಂಟಿಸಿದ ಪುಡಿ, ಟಾನಿಕ್ಕು ಕಂಡರೆ ಕೈಚೀಲ ಬಿಚ್ಚುವವರು ಇದನ್ನು ನೆನಪಿಡುವುದು ಒಳ್ಳೆಯದು.

ನಿಡಘಟ್ಟದ ಮನೆಗಳಿಗೆ ಸದ್ಯಕ್ಕೆ ಬೇಕಾದ ಕೆಲಸ ಸಣ್ಣದು. ತಾಯಿ ಕಾರ್ಡ್ ತೆಗೆದು ಹಿಮೋಗ್ಲೋಬಿನ್ ಎಷ್ಟೆಂದು ನೋಡುವುದು. ಕಾಫಿ, ಟೀ ಜತೆ ಮಾತ್ರೆ ನುಂಗದಿರುವುದು, ಕಬ್ಬಿಣ ಮೈಗೆ ಹತ್ತುವುದಿಲ್ಲ. ಡ್ರಿಪ್ ಬೇಕೆಂದು ವೈದ್ಯರು ಹೇಳಿದರೆ, "ಆಮೇಲ್ ನೋಡನ" ಎನ್ನದೆ ಮರುದಿನವೇ ಬಸ್ಸು ಹತ್ತುವುದು. ಹೆರಿಗೆ ದಿನ ಯಾರ ಮಾತಿಗೂ ಕಾಯುವುದಿಲ್ಲ.