ಲೆಕ್ಕಪುಸ್ತಕಕ್ಕೆ ಸೇರದ ವೆಚ್ಚ: ಕೊಡಗಿನ ಪ್ರಯಾಣಿಕನ ಹೊತ್ತು

ವರ್ಷಾಂತ್ಯದಲ್ಲಿ ವರ್ತಕರ ಲಾಭ-ನಷ್ಟ ತಖ್ತೆಯನ್ನು ಸಿದ್ಧಪಡಿಸುವಾಗ ‘ಪ್ರಯಾಣ ವೆಚ್ಚ’ ಎಂಬ ಶೀರ್ಷಿಕೆಯ ಎದುರು ಒಂದು ಮೊತ್ತ ಇದ್ದೇ ಇರುತ್ತದೆ. ಬಸ್ಸಿನ ಟಿಕೇಟು, ಜೀಪಿನ ಬಾಡಿಗೆ, ಪೆಟ್ರೋಲ್ ಬಂಕಿನ ರಸೀದಿ, ಹೋಟೆಲಿನ ಬಿಲ್ಲು ಇವೆಲ್ಲ ಕೂಡಿ ಆ ಮೊತ್ತವಾಗುತ್ತದೆ. ರಸೀದಿ ಇಲ್ಲದ್ದಕ್ಕೆ ಲೆಕ್ಕದಲ್ಲಿ ಸ್ಥಾನವಿಲ್ಲ. ಆದ್ದರಿಂದಲೇ ಮೂರ್ನಾಡಿನ ತಂಗುದಾಣದಲ್ಲಿ ಮಳೆಗೆ ಮೈಯೊಡ್ಡಿ ಬಸ್ಸಿಗಾಗಿ ಕಾದ ಒಂದೂವರೆ ಗಂಟೆಯಾಗಲಿ, ಮುಚ್ಚಿದ ಕಚೇರಿಯ ಬಾಗಿಲು ನೋಡಿ ಹಿಂದಿರುಗಿದ ಒಂದು ಇಡೀ ದಿನವಾಗಲಿ ಯಾರ ಪುಸ್ತಕದಲ್ಲಿಯೂ ಕಾಣಸಿಗುವುದಿಲ್ಲ. ಕೊಡಗಿನ ಸಣ್ಣ ವ್ಯಾಪಾರಿಯ ಮಟ್ಟಿಗೆ ಈ ದಾಖಲಾಗದ ವೆಚ್ಚವು ದಾಖಲಾದ ವೆಚ್ಚಕ್ಕಿಂತ ದೊಡ್ಡದೆಂದರೆ ಉತ್ಪ್ರೇಕ್ಷೆಯಾಗಲಾರದು.

ಇದು ರೈಲು ಹಳಿಯೇ ಇಲ್ಲದ ಜಿಲ್ಲೆ. ರೈಲು ಹತ್ತಬೇಕಾದವರು ಮೈಸೂರಿಗೋ ಹಾಸನಕ್ಕೋ ಹೋಗಬೇಕು. ಘಟ್ಟ ಇಳಿಯುವುದಾದರೆ ಸುಬ್ರಹ್ಮಣ್ಯ ರೋಡ್. ವಿರಾಜಪೇಟೆಯ ಕಡೆಯವರಾದರೆ ರಾಜ್ಯದ ಗಡಿಯನ್ನೇ ದಾಟಿ ತಲಶ್ಶೇರಿ ಅಥವಾ ಕಣ್ಣೂರು. ಮೈಸೂರು–ಕುಶಾಲನಗರ ಮಾರ್ಗದ ಪ್ರಸ್ತಾಪ ಬಹಳ ಹಳೆಯದು. ಬಜೆಟ್ಟಿನ ಕಾಲಕ್ಕೆ ಸುದ್ದಿಯಾಗುವುದು ಅದರ ರೂಢಿ. ಹೀಗಾಗಿ ಕೊಡಗಿನ ಸಂಚಾರವೆಂದರೆ ರಸ್ತೆ ಸಂಚಾರ, ಬಹುಪಾಲು ಜನರಿಗೆ ಬಸ್ ಸಂಚಾರ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್, ಮಂಗಳೂರಿಗೆ ಸುಮಾರು 140 ಎಂದು ನಕ್ಷೆ ಹೇಳುತ್ತದೆ. ಆದರೆ ಊರಿನವರನ್ನು ದೂರವೆಷ್ಟೆಂದು ಕೇಳಿದರೆ ಕಿಲೋಮೀಟರಿನಲ್ಲಿ ಉತ್ತರ ಬರುವುದಿಲ್ಲ. ‘ಏಳೂಕಾಲರ ಬಸ್ಸು ಸಿಕ್ಕಿದರೆ ಮಧ್ಯಾಹ್ನದೊಳಗೆ ಕೆಲಸ ಮುಗಿಯುತ್ತದೆ, ತಪ್ಪಿದರೆ ನಾಳೆ ಹೋಗುವುದೇ ಮೇಲು’ ಎನ್ನುತ್ತಾರೆ. ದೂರವನ್ನು ಅಳೆಯಲು ಇದಕ್ಕಿಂತ ನಿಖರವಾದ ಮಾನದಂಡ ಇಲ್ಲಿ ಬೇರೆ ಇಲ್ಲ.

ಸಂತೆಯಿಂದ ಸಂತೆಗೆ ಸಂಚರಿಸುವ ವ್ಯಾಪಾರಿಯ ವಾರವನ್ನೇ ಪರಿಶೀಲಿಸಬಹುದು. ಭಾನುವಾರ ಗೋಣಿಕೊಪ್ಪ, ಸೋಮವಾರ ಸೋಮವಾರಪೇಟೆ, ಮಂಗಳವಾರ ಕುಶಾಲನಗರ, ಬುಧವಾರ ವಿರಾಜಪೇಟೆ, ಶುಕ್ರವಾರ ಮಡಿಕೇರಿ. ಶನಿವಾರದ ಸಂತೆಯನ್ನಂತೂ ಶನಿವಾರಸಂತೆ ಎಂಬ ಊರು ತನ್ನ ಹೆಸರಿನಲ್ಲಿಯೇ ಇಟ್ಟುಕೊಂಡಿದೆ. ಕ್ಯಾಲೆಂಡರಿನಲ್ಲಿ ಈ ಸಾಲು ಅಚ್ಚುಕಟ್ಟಾಗಿ ಕಾಣುತ್ತದೆ. ನಕ್ಷೆಯ ಮೇಲೆ ಗೆರೆ ಎಳೆದರೆ ಮಾತ್ರ ಜಿಲ್ಲೆಯ ದಕ್ಷಿಣದಿಂದ ಉತ್ತರಕ್ಕೆ, ಅಲ್ಲಿಂದ ಪೂರ್ವಕ್ಕೆ, ಮತ್ತೆ ದಕ್ಷಿಣಕ್ಕೆ ಎಂದು ಮಗ್ಗದ ಲಾಳಿಯಂತೆ ಓಡಾಟ ಕಾಣಿಸುತ್ತದೆ. ಮೂಟೆಗಳನ್ನು ಬಸ್ಸಿನ ಮೇಲೇರಿಸುವ ಹಮಾಲಿ ಲೆಕ್ಕಕ್ಕೆ ಬರುತ್ತದೆ. ಬಸ್ಸಿನೊಳಗೆ ಕಳೆದ ಹೊತ್ತು ಬರುವುದಿಲ್ಲ.

ಜಿಲ್ಲೆಯ ಒಳನಾಡಿನ ಸಂಚಾರ ಹೆಚ್ಚಾಗಿ ನಿಂತಿರುವುದು ಖಾಸಗಿ ಬಸ್ಸುಗಳ ಮೇಲೆ. ಒಂದೆರಡು ಬಸ್ಸುಗಳನ್ನಷ್ಟೇ ಹೊಂದಿದ, ಕೆಲವೊಮ್ಮೆ ತಾನೇ ಚಕ್ರ ಹಿಡಿಯುವ ಮಾಲೀಕ ಇಲ್ಲಿ ಅಪರೂಪವಲ್ಲ. ಬಸ್ಸು ತುಂಬಲಿ, ಖಾಲಿ ಓಡಲಿ, ಆಸನಗಳ ಲೆಕ್ಕದಲ್ಲಿ ಮೂರು ತಿಂಗಳಿಗೊಮ್ಮೆ ತೆರಿಗೆ ತೆರಬೇಕು. ವಿಮೆ, ಅರ್ಹತಾ ಪತ್ರ, ಟೈರು, ಸಿಬ್ಬಂದಿಯ ಸಂಬಳ ಯಾವುದೂ ಪ್ರಯಾಣಿಕರ ಸಂಖ್ಯೆಯನ್ನು ಕೇಳಿ ಬರುವುದಿಲ್ಲ. ಲೆಕ್ಕಶಾಸ್ತ್ರದ ಭಾಷೆಯಲ್ಲಿ ಇದು ಸ್ಥಿರ ವೆಚ್ಚ ಅಧಿಕವಾಗಿರುವ ಉದ್ಯಮ. ಇಂತಹ ಉದ್ಯಮದಲ್ಲಿ ಕೊನೆಯ ಹತ್ತು ಟಿಕೇಟುಗಳೇ ಲಾಭ, ಅವು ಹೋದರೆ ನಷ್ಟ.

2023ರ ಜೂನ್ 11ರಂದು ರಾಜ್ಯ ಸರ್ಕಾರದ ಶಕ್ತಿ ಯೋಜನೆ ಆರಂಭವಾಯಿತು. ಸಾರಿಗೆ ಸಂಸ್ಥೆಗಳ ಸಾಮಾನ್ಯ ಹಾಗೂ ವೇಗದೂತ ಬಸ್ಸುಗಳಲ್ಲಿ ರಾಜ್ಯದ ಮಹಿಳೆಯರಿಗೆ ಟಿಕೇಟಿನ ಹಣವಿಲ್ಲ. ಮಡಿಕೇರಿ–ಕುಶಾಲನಗರದಂತಹ ಹೆದ್ದಾರಿಯ ಮಾರ್ಗದಲ್ಲಿ ಅಂಗಡಿಯ ಕೆಲಸಕ್ಕೆ ಬರುವ ಹೆಣ್ಣುಮಕ್ಕಳಿಗೆ ಇದರಿಂದಾದ ಉಳಿತಾಯ ಸಣ್ಣದೇನಲ್ಲ; ತಿಂಗಳ ಸಂಬಳದಲ್ಲಿ ಬಸ್ಸಿಗೆ ಹೋಗುತ್ತಿದ್ದ ಪಾಲು ಈಗ ಮನೆಗೆ ಉಳಿಯುತ್ತದೆ. ಆದರೆ ಸರ್ಕಾರಿ ಬಸ್ಸಿನ ಮುಖವನ್ನೇ ಕಾಣದ ಹಳ್ಳಿಯ ತೋಟದ ಕಾರ್ಮಿಕಳಿಗೆ ಯೋಜನೆ ತಲುಪುವ ದಾರಿಯೇ ಇಲ್ಲ. ಅವಳು ಹಿಂದಿನಂತೆಯೇ ಕಾಸು ಕೊಟ್ಟು ಖಾಸಗಿ ಬಸ್ಸನ್ನೇರಬೇಕು. ಹೆದ್ದಾರಿಯಲ್ಲಿ ಪ್ರಯಾಣಿಕರನ್ನು ಕಳೆದುಕೊಂಡ ಮಾಲೀಕ ನಷ್ಟ ತುಂಬಿಕೊಳ್ಳಲು ಮೊದಲು ಕೈಬಿಡುವುದು ಒಳನಾಡಿನ ಖಾಲಿ ಟ್ರಿಪ್ಪನ್ನು. ಹೀಗೆ ಒಂದು ರಸ್ತೆಯಲ್ಲಿ ಕೊಟ್ಟ ಅನುಕೂಲದ ಬಿಲ್ಲು ಇನ್ನೊಂದು ರಸ್ತೆಯ ಮಹಿಳೆಗೆ ಹೋಗಿ ಮುಟ್ಟುವ ಅಪಾಯವಿದೆ. ಯೋಜನೆ ತಪ್ಪೆಂದು ಇದರ ಅರ್ಥವಲ್ಲ. ಖಾಸಗಿ ಬಸ್ಸೇ ಏಕೈಕ ಆಸರೆಯಾಗಿರುವ ಮಾರ್ಗಗಳಿಗೆ ಬೇರೆಯೇ ಏರ್ಪಾಡು ಬೇಕಿತ್ತು, ಅಷ್ಟೆ. 2025ರ ಜನವರಿಯಲ್ಲಿ ಸಾರಿಗೆ ಸಂಸ್ಥೆಗಳ ದರ ಶೇಕಡಾ 15ರಷ್ಟು ಏರಿದಾಗ ಅದರ ಭಾರ ಬಿದ್ದದ್ದು ಟಿಕೇಟು ಕೊಳ್ಳುವ ಗಂಡಸರ ಮೇಲೆ ಎಂಬುದು ಮಡಿಕೇರಿ ಬಸ್ ನಿಲ್ದಾಣದ ಚಹಾ ಅಂಗಡಿಗಳಲ್ಲಿ ಇಂದಿಗೂ ಸವೆಯದ ಹಾಸ್ಯ.

ಮಳೆಗಾಲದ ಮಾತು ಬೇರೆ. 2018ರ ಆಗಸ್ಟ್ ತಿಂಗಳಿನಲ್ಲಿ ಗುಡ್ಡಗಳು ಕುಸಿದು ಜೋಡುಪಾಲ, ಮೊಣ್ಣಂಗೇರಿ ಭಾಗದಲ್ಲಿ ಮಡಿಕೇರಿ–ಸಂಪಾಜೆ ರಸ್ತೆ ಕಡಿದುಹೋದಾಗ, ಮಂಗಳೂರು ಎಂಬ ಊರು ಒಮ್ಮಿಂದೊಮ್ಮೆಗೆ ದೂರವಾಯಿತು. ಕಾಫಿ ರಫ್ತಿನ ಬಾಗಿಲಾದ ನವಮಂಗಳೂರು ಬಂದರು ಅದೇ ರಸ್ತೆಯ ತುದಿಯಲ್ಲಿದೆ. ರೋಗಿಗಳು, ವಿದ್ಯಾರ್ಥಿಗಳು, ಮೀನಿನ ಗಾಡಿಗಳು, ಕಾಫಿ ಲಾರಿಗಳು ವಾರಗಟ್ಟಲೆ ಸುತ್ತು ದಾರಿ ಹಿಡಿದವು. ತುರ್ತು ಚಿಕಿತ್ಸೆಯ ಆಸ್ಪತ್ರೆ ಜಿಲ್ಲೆಯೊಳಗೇ ಬೇಕೆಂದು 2019ರಲ್ಲಿ ಕೊಡಗಿನ ಜನ ಸಾಮಾಜಿಕ ಜಾಲತಾಣಗಳಲ್ಲಿ ದೊಡ್ಡ ಅಭಿಯಾನವನ್ನೇ ನಡೆಸಿದ್ದರ ಹಿಂದೆ ಇದೇ ದಾರಿಯ ಕಹಿ ಅನುಭವವಿತ್ತು. ಆಂಬುಲೆನ್ಸಿನಲ್ಲಿ ಮಲಗಿದವನಿಗೆ ಮೈಸೂರಿನ 120 ಕಿಲೋಮೀಟರ್ ಏನೆಂಬುದನ್ನು ವಿವರಿಸಬೇಕಾಗಿಲ್ಲ. 2024ರ ಜುಲೈಯಲ್ಲಿ ಕರ್ತೋಜಿಯ ಬಳಿ ಗುಡ್ಡ ಜಾರುವ ಭೀತಿಯಿಂದ ಇದೇ ಘಟ್ಟದಲ್ಲಿ ಕೆಲವು ರಾತ್ರಿಗಳ ಮಟ್ಟಿಗೆ ಸಂಚಾರವನ್ನೇ ನಿಷೇಧಿಸಲಾಗಿತ್ತು.

ಇಲ್ಲಿ ವರ್ತಕ ಬಾಂಧವರು ಗಮನಿಸಬೇಕಾದ ಒಂದು ಸಂಗತಿಯಿದೆ. ಕಾಳುಮೆಣಸಿನಂತಹ ತೆರಿಗೆಗೊಳಪಟ್ಟ ಸರಕು 50,000 ರೂಪಾಯಿ ಮೌಲ್ಯ ಮೀರಿದರೆ ಸಾಗಾಟಕ್ಕೆ ಇ-ವೇ ಬಿಲ್ ಅಗತ್ಯ. ಮೊದಲು 100 ಕಿಲೋಮೀಟರಿಗೆ ಒಂದು ದಿನದ ಅವಧಿ ದೊರೆಯುತ್ತಿತ್ತು. 2021ರ ಜನವರಿ 1ರಿಂದ ಅದು 200 ಕಿಲೋಮೀಟರಿಗೆ ಒಂದು ದಿನವಾಯಿತು. ಬಯಲುಸೀಮೆಯ ಹೆದ್ದಾರಿಯನ್ನು ಕಣ್ಮುಂದೆ ಇಟ್ಟುಕೊಂಡು ಬರೆದ ನಿಯಮವಿದು. ಆಷಾಢದ ಸಂಪಾಜೆ ಘಟ್ಟ ಅದನ್ನು ಬರೆದವರ ಕಣ್ಣಿಗೆ ಬಿದ್ದಂತಿಲ್ಲ. ಹಿಂದೆ ಎರಡು ದಿನ ಸಿಗುತ್ತಿದ್ದ ಕುಶಾಲನಗರ–ಮಂಗಳೂರು ಸಾಗಾಟಕ್ಕೆ ಈಗ ಸಿಗುವುದು ಒಂದೇ ದಿನ, ಅಂದರೆ ಬಿಲ್ ಸೃಷ್ಟಿಸಿದ ಮರುದಿನದ ನಡುರಾತ್ರಿಯವರೆಗೆ. ರಸ್ತೆ ಮುಚ್ಚಿ ಲಾರಿ ನಿಂತುಬಿಟ್ಟರೆ ಅವಧಿ ಮುಗಿಯುವ 8 ಗಂಟೆ ಮೊದಲಿನಿಂದ ಮುಗಿದ 8 ಗಂಟೆಗಳ ಒಳಗಾಗಿ, ನೈಸರ್ಗಿಕ ವಿಕೋಪದ ಕಾರಣ ನಮೂದಿಸಿ ಅವಧಿಯನ್ನು ವಿಸ್ತರಿಸಿಕೊಳ್ಳಬಹುದು. ಈ ಸೌಲಭ್ಯ ತಿಳಿಯದೆ ದಂಡ ಕಟ್ಟುವುದು ಗುಡ್ಡದ ತಪ್ಪಿಗೆ ವ್ಯಾಪಾರಿ ಶಿಕ್ಷೆ ಅನುಭವಿಸಿದಂತೆ. ಆದರೆ ಲಾರಿ ನಿಂತ ಜಾಗದಲ್ಲಿ ಮೊಬೈಲಿಗೆ ಸಿಗ್ನಲ್ ಸಿಗಬೇಕಷ್ಟೆ! ಚಾಲಕನ ಬಳಿ ಅಂಗಡಿಯ ದೂರವಾಣಿ ಸಂಖ್ಯೆ ಮಾತ್ರವಲ್ಲ, ಬಿಲ್ಲಿನ ಅವಧಿ ಮುಗಿಯುವ ಗಂಟೆಯನ್ನೂ ಬರೆದುಕೊಟ್ಟು ಕಳುಹಿಸುವುದು ಕ್ಷೇಮ.

ಎಲ್ಲವೂ ದೂರೇ ಎಂದು ಭಾವಿಸಬೇಕಾಗಿಲ್ಲ. ಭಾಗಮಂಡಲದ ತ್ರಿವೇಣಿ ಸಂಗಮದಲ್ಲಿ ಕಾವೇರಿ ಉಕ್ಕಿದಾಗಲೆಲ್ಲ ರಸ್ತೆ ಮುಳುಗಿ, ಜನರು ದೋಣಿಗೆ ಕಾಯುವುದು ವರ್ಷಂಪ್ರತಿಯ ದೃಶ್ಯವಾಗಿತ್ತು. ಅಲ್ಲಿನ ಮೇಲುಸೇತುವೆ 2024ರಲ್ಲಿ ಉದ್ಘಾಟನೆಗೊಂಡಿತು. ಹೊರಗಿನವರಿಗೆ ಅದು ಸಾಧಾರಣ ಕಾಂಕ್ರೀಟಿನ ಸೇತುವೆ. ಜುಲೈ ತಿಂಗಳಿನಲ್ಲಿ ಅಂಗಡಿಗೆ ಸರಕು ತರಿಸಬೇಕಾದ ಭಾಗಮಂಡಲದ ವ್ಯಾಪಾರಿಗೆ ಅದು ವರ್ಷಕ್ಕೆ ಹಲವು ದಿನಗಳ ವಹಿವಾಟು. ನಾಪೋಕ್ಲು–ಮೂರ್ನಾಡು ರಸ್ತೆಯ ಬೊಳಿಬಾಣೆಯಲ್ಲಿ ಮಾತ್ರ ನದಿ ಈಗಲೂ ತನ್ನ ಹಕ್ಕನ್ನು ಬಿಟ್ಟುಕೊಟ್ಟಿಲ್ಲ.

ಪೊನ್ನಂಪೇಟೆ ಮತ್ತು ಕುಶಾಲನಗರ ಪ್ರತ್ಯೇಕ ತಾಲ್ಲೂಕುಗಳಾದದ್ದರಿಂದ ಕುಟ್ಟದ ರೈತ ವಿರಾಜಪೇಟೆಯವರೆಗೆ ಹೋಗುವುದು ತಪ್ಪಿತು. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದ ಬಳಿಕ ವಿವರಣಾ ಪಟ್ಟಿಗಳನ್ನು ಕುಳಿತಲ್ಲಿಂದಲೇ ಸಲ್ಲಿಸುವಂತಾಗಿ, ಕಡತ ಹೊತ್ತು ಮಡಿಕೇರಿಯ ಬಸ್ಸು ಹತ್ತುವ ದಿನಗಳೂ ಕಡಿಮೆಯಾದವು. 2018ರ ಡಿಸೆಂಬರಿನಲ್ಲಿ ಮಟ್ಟನ್ನೂರಿನಲ್ಲಿ ಕಣ್ಣೂರು ವಿಮಾನ ನಿಲ್ದಾಣ ತೆರೆದ ಮೇಲೆ ವಿರಾಜಪೇಟೆಯವರಿಗೆ ವಿದೇಶದ ದಾರಿ ಮಾಕುಟ್ಟದ ಘಟ್ಟವಿಳಿದರೆ ಸಿಗುತ್ತದೆ, ಆ ಘಟ್ಟ ತೆರೆದಿದ್ದರೆ.

ಇನ್ನು ರಜಾದಿನಗಳ ಮಾತು. 2023ರ ಮಾರ್ಚಿನಲ್ಲಿ ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಯಾದ ಬಳಿಕ ರಾಜಧಾನಿಯ ಕಾರುಗಳು ಮೊದಲಿಗಿಂತ ಬೇಗನೆ ಬಂದು ಕುಶಾಲನಗರದಿಂದಾಚೆ ಮೊದಲಿನ ವೇಗದಲ್ಲಿಯೇ ತೆವಳುತ್ತವೆ. ಶನಿವಾರ ಸಂಜೆ ರಾಜಾಸೀಟಿನ ಸುತ್ತ, ಭಾನುವಾರ ಅಬ್ಬಿ ಜಲಪಾತದ ಕಿರಿದಾದ ದಾರಿಯಲ್ಲಿ ಸಾಲು ನಿಂತ ವಾಹನಗಳು ಹೋಟೆಲಿನವರಿಗೆ ಆದಾಯ, ಅದೇ ಸಾಲಿನಲ್ಲಿ ಸಿಕ್ಕಿಬಿದ್ದ ಬಸ್ಸಿನ ಪ್ರಯಾಣಿಕರಿಗೆ ತಡವಾದ ಸಂಜೆ. ಊರಿನ ಸಂಸಾರಗಳು ಇದಕ್ಕೂ ಉಪಾಯ ಕಂಡುಕೊಂಡಿವೆ: ತಲಕಾವೇರಿಗೋ ದುಬಾರೆಗೋ ಹೋಗುವುದಾದರೆ ವಾರದ ನಡುವಿನ ಒಂದು ದಿನ, ಬೆಳಗಿನ ಮೊದಲ ಬಸ್ಸು. ಭಾನುವಾರವೆಂದರೆ ಮನೆಯಲ್ಲಿಯೇ ಪಂದಿಕರಿ, ಕಡಂಬುಟ್ಟು.

ಒಳನಾಡಿನ ಕೊನೆಯ ಬಸ್ಸಿನ ಬಗ್ಗೆ ಒಂದು ಮಾತು. ಸಂಜೆ ಮಡಿಕೇರಿಯಿಂದ ಹೊರಡುವಾಗ ಅದರಲ್ಲಿ ಪ್ರಯಾಣಿಕರಿಗಿಂತ ಹೆಚ್ಚು ಪೊಟ್ಟಣಗಳಿರುತ್ತವೆ. ಔಷಧದ ಚೀಟಿ ಬೆಳಿಗ್ಗೆ ಇದೇ ಬಸ್ಸಿನಲ್ಲಿ ಬಂದಿರುತ್ತದೆ, ಔಷಧ ಸಂಜೆ ಹಿಂದಿರುಗುತ್ತದೆ. ಪಂಪ್‌ಸೆಟ್ಟಿನ ಬಿಡಿಭಾಗ, ರಿಪೇರಿಯಾದ ಮಿಕ್ಸಿ, ಮದುವೆಯ ಕರೆಯೋಲೆಗಳ ಕಟ್ಟು, ಎಲ್ಲಕ್ಕೂ ನಿರ್ವಾಹಕನ ನೆನಪೇ ವಿಳಾಸ. ತಿರುವಿನ ಅಂಗಡಿಯ ಮುಂದೆ ಬಸ್ಸು ನಿಧಾನಿಸುತ್ತದೆ, ಕಿಟಕಿಯಿಂದ ಒಂದು ಕೈ ಹೊರಬರುತ್ತದೆ, ಛತ್ರಿ ಹಿಡಿದು ನಿಂತವರು ಪೊಟ್ಟಣ ಪಡೆಯುತ್ತಾರೆ. ಈ ಸೇವೆಗೆ ರಸೀದಿ ಇಲ್ಲ, ದರಪಟ್ಟಿಯೂ ಇಲ್ಲ. ಪೇಟೆಯ ಕೆಲಸ ಮುಗಿಸಿ ಓಡೋಡಿ ಬರುವ ನಿತ್ಯದ ಪ್ರಯಾಣಿಕಳಿಗಾಗಿ ಆ ಬಸ್ಸು ನಿಲ್ದಾಣದಲ್ಲಿ ಇನ್ನೆರಡು ನಿಮಿಷ ನಿಂತಿರುತ್ತದೆ. ಒಳಗೆ ಕುಳಿತವರಲ್ಲಿ ಯಾರೂ ಗಡಿಯಾರ ನೋಡುವುದಿಲ್ಲ.